ಡಿಸ್ಕು ತಿಂದ ಟಗರು

ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವರು ದಿನಕ್ಕೊಮ್ಮೆಯಾದರೂ ಕೇಳುವ ಮಾತೊಂದಿದೆ: "ಜಾಗಾ ಇಲ್ಲ ಅನ್ನಾಕತ್ತದ ನೋಡ್ರಿ." ಬಸವಕಲ್ಯಾಣದ ಬಜಾರಿನಲ್ಲಿ ನಾನು ಅಂಗಡಿ ತೆರೆದು ಹದಿನಾರು ವರ್ಷವಾಯಿತು. ಮದುವೆಯ ವಿಡಿಯೋ ತುಂಬಿ ಜಾಗ ಹೋದದ್ದು ನೋಡಿದ್ದೇನೆ. ಒಂದೇ ಗುಲಾಬಿ ಹೂವಿನ 'ಶುಭೋದಯ' ಚಿತ್ರ ಎರಡು ಸಾವಿರ ಸಲ ಕೂತು ಜಾಗ ಹೋದದ್ದೂ ನೋಡಿದ್ದೇನೆ. ಅವಕ್ಕೆಲ್ಲ ಮದ್ದು ಗೊತ್ತಿತ್ತು. ಮದ್ದು ಗೊತ್ತಿಲ್ಲದ ಕಾಯಿಲೆ ಬಂದದ್ದು ಈಚೆಗೆ. ಕ್ರಿಪ್ಟೊ ಅಂತ ಒಂದು ನಾಣ್ಯವಿದೆಯಲ್ಲ, ಕಂಪ್ಯೂಟರಿನೊಳಗಷ್ಟೇ ಇರುತ್ತದೆ, ಕೈಗೆ ಸಿಗುವುದಿಲ್ಲ. ಅದನ್ನು ಇಟ್ಟುಕೊಳ್ಳುವ ತಂತ್ರಾಂಶಕ್ಕೆ ವಾಲೆಟ್ ಅನ್ನುತ್ತಾರೆ. ನಮ್ಮ ಕಡೆಯ ಮಂದಿ ಅದಕ್ಕೆ ಪಾಕೀಟು ಅಂದರು. ಆ ಪಾಕೀಟುಗಳ ದೆಸೆಯಿಂದ ನಾನು ಅಂಗಡಿ ಮುಚ್ಚಿ, ನನ್ನ ತಂಗಿಯ ಹಾಗೆ ಸೀರೆಗೆ ಫಾಲ್ ಹೊಲಿಯುತ್ತ ಕೂಡೋಣ ಅಂತ ಎಷ್ಟು ಸಲ ಅಂದುಕೊಂಡೆನೋ ಲೆಕ್ಕವಿಲ್ಲ.

೧. ಖಾಲಿ ಪಾಕೀಟು

ಮೊದಲನೆಯದು ಹುಮನಾಬಾದಿನಲ್ಲಿ ಆದದ್ದು. ಅಲ್ಲಿ ಬೀಜ-ಗೊಬ್ಬರದ ಅಂಗಡಿಯ ಸಾವ್ಕಾರರೊಬ್ಬರು ನನ್ನ ಹಳೇ ಗಿರಾಕಿ. ಬಿತ್ತಿಗೆಯ ಹಂಗಾಮಿನಲ್ಲಿ ಬೆಳಗ್ಗೆಯೇ ಫೋನ್ ಮಾಡಿದರು.

"ಅಕ್ಕಾರ, ಬಿಲ್ ಹೊಡಿಯೋ ಕಂಪ್ಯೂಟರ್ ನಿಂತದ. ಮಂದಿ ರಸ್ತಾದ ತನಕ ನಿಂತಾರ. ಸಿಕ್ಕ ಬಸ್ ಹಿಡದು ಬರ್ರಿ."

ಹೋದೆ. ಸೋಯಾ ಬೀಜಕ್ಕೆ ಬಂದ ರೈತರು ಸಾಲಾಗಿ ನಿಂತಿದ್ದರು. ಅವರ ನಡುವೆ ನುಗ್ಗಿ ಕಂಪ್ಯೂಟರಿನ ಮುಂದೆ ಕೂತೆ. ಡಿಸ್ಕಿನಲ್ಲಿ ಒಂದು ಹನಿ ಜಾಗವಿರಲಿಲ್ಲ. ಹುಡುಕಿದರೆ, ಒಂದೇ ಫೋಲ್ಡರ್ ಆರು ನೂರು ಜೀಬಿಗಿಂತ ಜಾಸ್ತಿ ತಿಂದು ಕೂತಿದೆ. ಸಾವ್ಕಾರರ ಅಷ್ಟೂ ವರ್ಷದ ವ್ಯಾಪಾರದ ಬಿಲ್ಲೆಲ್ಲ ಸೇರಿಸಿದರೂ ಎರಡು ಜೀಬಿ ಇರಲಿಲ್ಲ.

"ಸಾವ್ಕಾರ್ರೇ, ಇದೇನಿದು?"

"ಅದಾ? ಪಾಕೀಟ್ ರೀ. ವಿಡಿಯೋದಾಗ ನೋಡಿ ನಾನೇ ಹಾಕೀನಿ. ಅದ್ರಾಗ ಕಾಯಿನ್ ಇಡ್ತಾರ."

"ಎಷ್ಟ ಕಾಯಿನ್ ಅವ?"

"ಇನ್ನಾ ಒಂದೂ ತಗೊಂಡಿಲ್ಲ."

"ಅಂದ್ರ ಖಾಲಿ?"

"ಬಿಲ್ಕುಲ್ ಖಾಲಿ."

ಅವರಿಗೆ ತಿಳಿಯುವ ಹಾಗೆ ಹೇಳಲು ನೋಡಿದೆ. "ಸಾವ್ಕಾರ್ರೇ, ಪಾಕೀಟಿನಾಗ ಎರಡ್ ನಮೂನಿ ಅವ. ಸಣ್ಣದು ನಿಮ್ಮದಷ್ಟೇ ನೋಡ್ಕೋತದ. ನೀವು ಹಾಕಿದ್ದು ದೊಡ್ಡದು. ಇದು ಮೊದಲ್ನೇ ದಿನದಿಂದ ಇವತ್ತಿನ ತನಕ, ಇಡೀ ಜಗತ್ತಿನಾಗ ಯಾರು ಯಾರಿಗೆ ಕಾಯಿನ್ ಕೊಟ್ರು ಅನ್ನೋ ಹಿಸಾಬೆಲ್ಲಾ ತಂದು ನಿಮ್ಮ ಕಂಪ್ಯೂಟರಿನಾಗ ಇಟ್ಕೋತದ. ನಿಮ್ಮದು ಒಂದ್ ಗುಂಟೆ ಹೊಲ ಇದ್ರ, ಇಡೀ ಜಿಲ್ಲಾದ ಪಹಣಿ ತಂದು ನಿಮ್ಮ ಪಡಸಾಲ್ಯಾಗ ಒಗದಂಗ."

ಸಾವ್ಕಾರರು ಗಾಬರಿಯಾದರು. "ನಂದು ಒಂದ್ ಗುಂಟೆನೂ ಇಲ್ಲಲ್ರಿ!"

"ಅದಕ್ಕೇ ಹೇಳಾಕತ್ತೇನಿ. ಅಳಸ್ಲಿ?"

"ಅಳಸ್ರಿ, ಜಲ್ದಿ ಅಳಸ್ರಿ."

ಅಳಿಸಿದೆ. ಬಿಲ್ಲಿನ ಯಂತ್ರ ಕಿರಗುಟ್ಟಿ ಕಾಗದ ಉಗುಳತೊಡಗಿತು. ಸಾಲಿನಲ್ಲಿ ಮೊದಲಿಗೆ ನಿಂತು ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದ ರೈತರೊಬ್ಬರು ಹಿಂದೆ ತಿರುಗಿ ಉಳಿದವರಿಗೆ ಸುದ್ದಿ ಮುಟ್ಟಿಸಿದರು: "ಏನಿಲ್ರಪಾ, ಸಾವ್ಕಾರ್ರ ಪಾಕೀಟಿನಾಗ ರೊಕ್ಕ ಇಲ್ಲಂತ. ಆದ್ರ ಪಾಕೀಟ್ ಇಡಾಕ ಅಂಗಡಿ ಸಾಲವಲ್ದಂತ."

೨. ಮತ್ತೆ ಬಂತು

ಆ ದಿನ ನಾನು ಮಾಡಿದ ತಪ್ಪು ಒಂದೇ. ಗಡಿಬಿಡಿಯಲ್ಲಿ ಫೋಲ್ಡರ್ ಅಳಿಸಿದೆ, ಅದನ್ನು ತುಂಬಿದ ತಂತ್ರಾಂಶವನ್ನು ತೆಗೆಯಲಿಲ್ಲ. ಅದು ಪ್ರತಿ ಬೆಳಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ತಾನೇ ಎದ್ದು, 'ಅಯ್ಯೋ, ಲೆಕ್ಕವೆಲ್ಲ ಹೋಗಿದೆಯಲ್ಲ' ಅಂತ ಮೊದಲಿನಿಂದ ಇಳಿಸಿಕೊಳ್ಳಲು ಶುರು ಮಾಡಿತ್ತು.

ಎರಡು ವಾರಕ್ಕೆ ಸಾವ್ಕಾರರ ಫೋನ್. "ಅಕ್ಕಾರ, ಮತ್ತ ತುಂಬ್ತು."

ಬಸ್ಸಿನಲ್ಲಿ ಸೀಟು ಸಿಗದೆ ಹುಮನಾಬಾದಿನ ತನಕ ನಿಂತೇ ಹೋದೆ. ಅಂಗಡಿಗೆ ಕಾಲಿಡುವ ಮುಂಚೆ ಪಕ್ಕದ ಖಾನಾವಳಿಯ ಮಾಲಕರು ಅಡ್ಡ ಬಂದರು. ಇಬ್ಬರದೂ ಒಂದೇ ಇಂಟರ್ನೆಟ್.

"ನೀವೇನ್ರಿ ಇವರ ಕಂಪ್ಯೂಟರಿಗೆ ಮದ್ದು ಹಾಕೋರು? ಎರಡ್ ವಾರ ಆತು, ನನ್ನ ಟೀವ್ಯಾಗ ಮ್ಯಾಚ್ ಮುಂದ ಹೋಗವಲ್ದು. ಬಾಲ್ ಹಾಕಿದವ ಕೈ ಎತ್ತಿಕೊಂಡೇ ನಿಂದರ್ತಾನ. ಗಿರಾಕಿ ಎರಡ್ ರೊಟ್ಟಿ ತಿಂದ್ರೂ ಬಾಲ್ ಬರಂಗಿಲ್ಲ."

ಅವರಿಗೆ ಕೈ ಮುಗಿದು ಒಳಗೆ ಹೋದೆ. ಈ ಸಲ ತಂತ್ರಾಂಶವನ್ನೂ ಬೇರುಸಹಿತ ಕಿತ್ತೆ. ಸಾವ್ಕಾರರಿಗೆ ಬೇಸರವಾಗಿರಬಹುದು ಅಂತ ಮುಖ ನೋಡಿದರೆ ಅವರು ಹಿಗ್ಗಿ ಕೂತಿದ್ದರು.

"ಖರೇ ಹೇಳ್ರಿ ಅಕ್ಕಾರ, ಜಗತ್ತಿನ ಹಿಸಾಬೆಲ್ಲಾ ಎರಡೆರಡ ಸಲ ತರಿಸಿದವರು ಈ ಹುಮನಾಬಾದಿನಾಗ ನನ್ನ ಬಿಟ್ರ ಮತ್ತ ಯಾರರೆ ಅದಾರೇನು?"

೩. ಟಗರಿನ ಯಜಮಾನರು

ಸಾವ್ಕಾರರು ಈ ಸುದ್ದಿಯನ್ನು ಗಿರಾಕಿಗಳಿಗೆಲ್ಲ ಹಂಚಿದರು. ಅದರ ಫಲವಾಗಿ ದಸರೆ ಮುಗಿದ ಮೇಲೆ ಒಂದು ದಿನ, ಹೆಗಲ ಮೇಲೆ ಕಂಬಳಿ ಹಾಕಿದ ಹಿರಿಯರೊಬ್ಬರು ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ನಾರಾಯಣಪುರದವರು. ನೂರರ ಮೇಲೆ ಕುರಿ ಸಾಕಿದ್ದಾರೆ. ನಾನು ಅವರನ್ನು ಮೊದಲ ದಿನದಿಂದಲೇ ಕಾಕಾ ಅಂದೆ, ಅವರು ನನ್ನನ್ನು ಅವ್ವಾ ಅಂದರು.

"ಅವ್ವಾ, ಪಾಕೀಟಿನ ಡಾಕ್ಟರ್ ನೀನೇ ಏನು?"

ಕೂಡಿಸಿ ಚಹಾ ತರಿಸಿದೆ. ಕಾಕಾ ಕಥೆ ಹೇಳಿದರು. ಹೆದ್ದಾರಿಯ ಬದಿ ಕುರಿ ಹೊಡೆದುಕೊಂಡು ಹೊರಟಿದ್ದಾಗ ಪುಣೆಯಿಂದ ಹೈದರಾಬಾದಿಗೆ ಹೊರಟ ಕಾರೊಂದು ನಿಂತಿತು. ಕಾರಿನವನಿಗೆ ಕಾಕಾನ ದೊಡ್ಡ ಟಗರು ಮನಸ್ಸಿಗೆ ಬಂತು. ಕೊಂಬು ತಿರುವಿಕೊಂಡ ಕರಿ ಟಗರು, ಕಾಕಾ ಕೈಯಾರೆ ಜೋಳ ತಿನ್ನಿಸಿ ಬೆಳೆಸಿದ್ದು. ವ್ಯಾಪಾರ ಕುದುರಿತು. ಆದರೆ ಅವನ ಹತ್ತಿರ ನಗದು ಇಲ್ಲ, ಫೋನಿನಲ್ಲಿ ಹಾಕಲು ಹೋದರೆ ಬ್ಯಾಂಕಿನ ಸರ್ವರ್ ಬಂದ್. ಕಡೆಗೆ ಅವನು ಕಾಯಿನ್ ಕೊಡುತ್ತೇನೆ ಅಂದ. ಕಾಕಾ ಕುರಿ ಮೇಯಿಸುತ್ತ ಕಾಯಿನ್ನಿನ ವಿಡಿಯೋ ಬೇಕಾದಷ್ಟು ನೋಡಿದ್ದರು, ಒಪ್ಪಿಬಿಟ್ಟರು. ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಕಾಕಾನ ಹೆಸರಿಗೊಂದು ಪಾಕೀಟು ಮಾಡಿ, ಅದರಲ್ಲಿ ಟಗರಿನ ಬೆಲೆ ಹಾಕಿ, ಪಾಕೀಟಿನ ಫೈಲನ್ನು ಪೆನ್ ಡ್ರೈವಿನಲ್ಲಿ ಕೊಟ್ಟು, ಟಗರನ್ನು ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹೋದ.

ಆ ಫೈಲು ಯಾರ ಕೈಯಲ್ಲಿದೆಯೋ ಹಣ ತೆಗೆಯುವವರೂ ಅವರೇ. "ಕಾಕಾ, ಆ ಮನುಷ್ಯಾ ಇನ್ನೊಂದ್ ಪ್ರತಿ ತನ್ನ ಹತ್ರ ಇಟ್ಕೊಂಡಿದ್ರ?"

"ಇಟ್ಕೊಂಡ್ರೇನು? ಪಾಸ್‌ವರ್ಡ್ ಅಂತಾರಲ್ಲ, ಆ ಕೀಲಿ ಶಬ್ದ ನಾ ಹಾಕೀನಿ. ಹಾಕೋ ಮುಂದ ಅವನಿಗಿ ಮಾರಿ ಆ ಕಡಿ ತಿರುಗಿಸು ಅಂದೆ. ತಿರುಗಿಸ್ದ."

"ಶಾಣ್ಯಾ ಅದೀರಿ. ಪೆನ್ ಡ್ರೈವ್ ಕೊಡ್ರಿ, ರೊಕ್ಕ ಅದನೋ ಇಲ್ಲೋ ಒಂದ್ ನಿಮಿಷದಾಗ ವೆಬ್‌ಸೈಟಿನಾಗ ನೋಡಿ ಹೇಳ್ತೀನಿ."

ಕಾಕಾ ಕೈ ಅಡ್ಡ ಹಿಡಿದರು. "ಅದೇ ಬ್ಯಾಡ. ನಾ ದಿನಾ ಸಂಜೀಕ ಕುರಿ ನಾನೇ ಎಣಸ್ತೀನಿ. ಮಂದಿ ಎಣಸಿದ್ದಕ್ಕ ನನಗ ಭರೋಸಾ ಇಲ್ಲ. ಮೊದಲಿಂದ ಎಲ್ಲಾ ಹಿಸಾಬ್ ಇಟ್ಕೊಂಡು ತಾನೇ ನೋಡೋ ದೊಡ್ಡ ಪಾಕೀಟು ಅದ ಅಂತಲ್ಲ, ಸಾವ್ಕಾರ ಹೇಳ್ಯಾನ. ನನಗ ಅದೇ ಬೇಕು."

ಹುಮನಾಬಾದಿನ ಸಾವ್ಕಾರರಿಗೆ ನಾನು ಪಹಣಿ ಉದಾಹರಣೆ ಕೊಟ್ಟು ಹೆದರಿಸಿದ್ದೆನಲ್ಲ, ಅದನ್ನೂ ಹೇಳಿ ನೋಡಿದೆ. ಇಡೀ ಜಿಲ್ಲೆಯ ಪಹಣಿ ತಂದು ಪಡಸಾಲೆಗೆ ಒಗೆದ ಹಾಗಾಗುತ್ತದೆ ಅಂದೆ.

ಕಾಕಾನ ಕಣ್ಣು ಮಿನುಗಿದವು. "ಹಂಗಾದ್ರ ಭಾಳ ಚೊಲೋ ಆತು. ಯಾರ ಹೊಲ ಎಷ್ಟ ಅದ ನೋಡೇ ಬಿಡಮು."

೪. ಹದಿನೈದು ವರ್ಷ ಹಿಂದ

ಕಾಕಾ ನನ್ನಲ್ಲೇ ಒಂದು ಹಳೇ ಕಂಪ್ಯೂಟರ್ ಕೊಂಡರು. ಅದರ ಡಿಸ್ಕು ಐನೂರು ಜೀಬಿಯದು. ಸಾಲುವುದಿಲ್ಲ ಅಂದೆ. "ಹಿಡಸ್ತೀನಿ" ಅಂದರು, ದೊಡ್ಡಿಯಲ್ಲಿ ಹತ್ತು ಕುರಿ ಜಾಸ್ತಿ ಹಿಡಿಸುವವರ ಹಾಗೆ. ಅವರ ಊರಿಗೆ ವೈರಿನ ಇಂಟರ್ನೆಟ್ ಬಂದಿತ್ತು. ಮನೆಗೆ ಹೋಗಿ, ಪಡಸಾಲೆಯಲ್ಲಿ ಜೋಳದ ಚೀಲದ ಪಕ್ಕ ಕಂಪ್ಯೂಟರ್ ಇಟ್ಟು, ಪಾಕೀಟು ಹಾಕಿ ಬಂದೆ. ಪೆನ್ ಡ್ರೈವ್ ಮಾತ್ರ ಕಾಕಾ ಕೊಡಲಿಲ್ಲ. ಎಲ್ಲ ತಯಾರಾದ ಮೇಲೆ ಟ್ರಂಕಿನಿಂದ ತೆಗೆಯುತ್ತೇನೆ ಅಂದರು.

ಈ ತಂತ್ರಾಂಶ ಲೆಕ್ಕ ಇಳಿಸಿಕೊಳ್ಳುವಾಗ ತಾನು ಎಲ್ಲಿಗೆ ಮುಟ್ಟಿದ್ದೇನೆ ಅಂತ ಪರದೆಯ ಮೇಲೆ ತೋರಿಸುತ್ತದೆ. ಇಂತಿಷ್ಟು ವರ್ಷ ಹಿಂದೆ ಇದ್ದೇನೆ ಅನ್ನುತ್ತದೆ. ಮೊದಲ ದಿನ ಹದಿನೈದು ವರ್ಷ ಹಿಂದೆ ಅಂದಿತು. ನಾನು ಕಾಕಾನಿಗೆ ಅದನ್ನು ಓದುವುದು ಕಲಿಸಿಬಂದೆ. ಅದೇ ತಪ್ಪಾಯಿತು. ದಿನಾ ಫೋನ್.

"ಅವ್ವಾ, ಇವತ್ತ ಹದಿನಾಲ್ಕ ವರ್ಷ ಹಿಂದ ಅದ."

"ಮುಂದ ಬರಾಕತ್ತದ ಕಾಕಾ, ಬಿಡ್ರಿ."

ಒಂದು ವಾರ ಬಿಟ್ಟು, "ಅವ್ವಾ, ಹತ್ತ ವರ್ಷ ಹಿಂದ. ನಮ್ಮ ದೊಡ್ಡ ಮಗಳ ಲಗ್ನದ ಸಾಲಿಗೆ ಬಂದದ."

ಮುಂದೆ ಕರೆಂಟು ಹೋಗಿ ಕಂಪ್ಯೂಟರ್ ಧಪ್ಪೆಂದು ಆರಿತು. ಮತ್ತೆ ಹಚ್ಚಿದರೆ ಲೆಕ್ಕ ಕೆಟ್ಟಿದೆ, ಪುನಃ ನೋಡಬೇಕು ಅಂದು ಹನ್ನೆರಡಕ್ಕೆ ಹಿಂದೆ ಸರಿಯಿತು. ಕಾಕಾ ಫೋನಿನಲ್ಲಿ ಅಳುವುದೊಂದು ಬಾಕಿ.

"ಅವ್ವಾ, ಮುಂದ ಹೋಗಿದ್ದು ಹಿಂದ ಬಂತಲ್ಲ! ಮಗಳ ಲಗ್ನಾ ಮತ್ತ ಮಾಡ್ಬೇಕೇನು?"

ಬ್ಯಾಟರಿ ಒಯ್ದು ಕೂಡಿಸಿದೆ. ಅಲ್ಲಿ ಹೋದಾಗ ಕಾಕು, ಅಂದರೆ ಕಾಕಾನ ಹೆಂಡತಿ, ಪಡಸಾಲೆಯ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಮಾತು ಕಡಿಮೆ. ಪರದೆ ಕಡೆ ಗದ್ದ ಎತ್ತಿ ಕೇಳಿದರು.

"ಎಷ್ಟ ವರ್ಷ ಹಿಂದ ಅದಂತ ಈಗ?"

"ಹನ್ನೆರಡು ಕಾಕು."

"ಪರವಾಗಿಲ್ಲ," ಅಂದರು ಕಾಕು. "ನಿಮ್ಮ ಕಾಕಾನಕಿಂತ ಮುಂದೇ ಅದ."

೫. ಉಣ್ಣೆ ಕತ್ತರಿಸಿದ್ದು

ಇನ್ನೆರಡು ವರ್ಷ ಹಿಂದೆ ಇರುವಾಗ ನಾನು ಹೇಳಿದ್ದೇ ಆಯಿತು. ಡಿಸ್ಕು ತುಂಬಿತು. ಪಾಕೀಟು ನಿಂತಿತು.

ಇದಕ್ಕೊಂದು ಉಪಾಯ ತಂತ್ರಾಂಶದೊಳಗೇ ಇದೆ. ಹಳೆಯ ಲೆಕ್ಕವನ್ನು ಒಮ್ಮೆ ನೋಡಿ, ಸರಿ ಇದೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಅಳಿಸುತ್ತ ಹೋಗುತ್ತದೆ, ಕಡೆಯ ಸ್ವಲ್ಪ ದಿನದ್ದಷ್ಟೇ ಇಟ್ಟುಕೊಳ್ಳುತ್ತದೆ. ಐನೂರು ಜೀಬಿ ಹೋಗಿ ಹತ್ತು ಹದಿನೈದರಲ್ಲಿ ಮುಗಿಯುತ್ತದೆ. ಇದನ್ನು ಕಾಕಾನಿಗೆ ಹೇಗೆ ಹೇಳುವುದು ಅಂತ ದಾರಿಯುದ್ದಕ್ಕೂ ಚಿಂತಿಸಿದೆ. ಅವರೇ ಸುಲಭ ಮಾಡಿದರು.

"ಅಂದ್ರ ಉಣ್ಣಿ ಕತ್ತರಿಸಿದಂಗ. ಕುರಿ ಕುರೀನೇ ಇರ್ತದ, ಮೈ ಹಗುರ ಆಗ್ತದ."

"ಬರೋಬ್ಬರಿ ಕಾಕಾ!"

ನನಗೆ ಎಷ್ಟು ಸಂತೋಷವಾಯಿತೆಂದರೆ, ಅವರ ಮನೆಯಲ್ಲಿ ಎರಡು ರೊಟ್ಟಿ ಜಾಸ್ತಿ ಉಂಡೆ. ಕತ್ತರಿಸುವ ಗುಂಡಿ ಒತ್ತಿ ಬಂದೆ. ನಾಲ್ಕು ದಿನದಲ್ಲಿ ಪಾಕೀಟು ಈ ಹೊತ್ತಿನ ಲೆಕ್ಕಕ್ಕೆ ಬಂದು ಮುಟ್ಟಿತು. ಡಿಸ್ಕಿನಲ್ಲಿ ಆಟದ ಮೈದಾನದಷ್ಟು ಜಾಗ. ಕಾಕಾ ಟ್ರಂಕು ತೆರೆದು, ಕುಂಕುಮದ ಡಬ್ಬಿಯ ಪಕ್ಕದಿಂದ ಪೆನ್ ಡ್ರೈವ್ ತೆಗೆದು, ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟರು.

ಹಾಕಿದೆ. ಪರದೆಯ ಮೇಲೆ ಒಂದು ಸೂಚನೆ ಬಂತು. ಓದಿದೆ. ಮತ್ತೊಮ್ಮೆ ಓದಿದೆ. ಆಮೇಲೆ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ಜೋಳದ ಚೀಲಕ್ಕೆ ಒರಗಿದೆ.

"ಏನಂತದ ಅವ್ವಾ?"

ಟಗರು ಮಾರಿದ್ದು ಹೋದ ಬೇಸಿಗೆಯಲ್ಲಿ. ಆ ದಿನದ ಲೆಕ್ಕವನ್ನೂ ನಾನು ಕತ್ತರಿಸಿಬಿಟ್ಟಿದ್ದೆ. ಈ ಪಾಕೀಟಿನಲ್ಲಿ ಏನಿದೆ ಅಂತ ನೋಡಬೇಕಾದರೆ ಆ ದಿನದ ಹಾಳೆ ಬೇಕು. ಅದು ಬೇಕಾದರೆ ಎಲ್ಲವನ್ನೂ ಮೊದಲಿನಿಂದ, ಹದಿನೈದು ವರ್ಷದ ಹಿಂದಿನಿಂದ, ಪುನಃ ಇಳಿಸಬೇಕು. ತಂತ್ರಾಂಶ ಬಹಳ ಮರ್ಯಾದೆಯಿಂದ ಇಷ್ಟನ್ನೂ ಒಂದೇ ಸಾಲಿನಲ್ಲಿ ಹೇಳಿತ್ತು. ನಾನು ಅಷ್ಟು ಮರ್ಯಾದೆಯಿಂದ ಹೇಳಲು ಆಗದೆ ತೊದಲಿದೆ. ತಪ್ಪು ಅವರದಲ್ಲ, ಪೂರಾ ನನ್ನದು. ಪೆನ್ ಡ್ರೈವ್ ಮೊದಲೇ ಹಾಕಿ ಕತ್ತರಿಸಿದ್ದರೆ ಏನೂ ಆಗುತ್ತಿರಲಿಲ್ಲ.

ನಾನು ಬೈಗುಳ ಕಾಯುತ್ತಿದ್ದೆ. ಕಾಕಾ ನನ್ನ ಭುಜ ತಟ್ಟಿ ಸಮಾಧಾನ ಮಾಡಿದರು.

"ಇರಲಿ ಬಿಡವ್ವಾ. ಉಣ್ಣಿ ಕತ್ತರಿಸೋ ಮುಂದ ಒಮ್ಮೊಮ್ಮಿ ಕಿವಿಗೂ ಕತ್ರಿ ತಾಗ್ತದ. ನೀ ಕುತ್ತಿಗೀನೇ ಹಾರಿಸಿಬಿಟ್ಟಿ, ಅಷ್ಟೇ."

೬. ಗಟ್ಟಿ ಮೊಸರು

ತಪ್ಪು ನನ್ನದಾದ್ದರಿಂದ ನನ್ನ ಅಂಗಡಿಯಿಂದಲೇ ಒಂದು ದೊಡ್ಡ ಹೊರಗಿನ ಡಿಸ್ಕು ಒಯ್ದು ಕೊಟ್ಟೆ. ಅಂಗೈಗಿಂತ ಸ್ವಲ್ಪ ದೊಡ್ಡ ಕರಿ ಪೆಟ್ಟಿಗೆ, ವೈರಿನಿಂದ ಕಂಪ್ಯೂಟರಿಗೆ ಜೋಡಿಸುವುದು. ಲೆಕ್ಕದ ಫೋಲ್ಡರನ್ನು ಅದರೊಳಗೆ ಇಡಲು ಪಾಕೀಟಿಗೆ ಹೇಳಿದೆ. ಕಾಕಾನಿಗೆ, ಕಾಕುಗೆ ಇಬ್ಬರಿಗೂ ಕೈ ಮುಗಿದು ಹೇಳಿದೆ: "ಇದನ್ನ ಮುಟ್ಟಬ್ಯಾಡ್ರಿ. ವೈರ್ ಕೀಳಬ್ಯಾಡ್ರಿ. ಏನರೆ ಕೇಳಿದ್ರ 'ಸರಿ' ಒತ್ತಬ್ಯಾಡ್ರಿ."

ಮತ್ತೆ ಹದಿನೈದು ವರ್ಷದಿಂದ ಶುರು. ಚಳಿಗಾಲ ಬಂತು. ಕಾಕಾ ಈಗ ದಿನಾ ಫೋನ್ ಮಾಡುವುದು ಬಿಟ್ಟಿದ್ದರು, ಸೋಮವಾರಕ್ಕೊಮ್ಮೆ ಮಾಡುತ್ತಿದ್ದರು. ಎಂಟು ವರ್ಷ, ಐದು ವರ್ಷ, ಮೂರು ವರ್ಷ. ಆಮೇಲೆ ಎರಡು ಮೂರು ಸೋಮವಾರ ಫೋನ್ ಬರಲಿಲ್ಲ. ಬಂದಾಗ ಅಂದರು, "ಅವ್ವಾ, ಕಂಪ್ಯೂಟರ್ ಜಾಗಾ ಇಲ್ಲ ಅನ್ನಾಕತ್ತದ."

"ಹ್ಯಾಂಗ ಆಗ್ತದ ಕಾಕಾ? ಹೊರಗಿನ ಡಿಸ್ಕಿನಾಗ ಇನ್ನಾ ಸಾವಿರ ಜೀಬಿ ಮ್ಯಾಲ ಖಾಲಿ ಅದ."

ನಾರಾಯಣಪುರಕ್ಕೆ ಹೋದೆ. ಹೊರಗಿನ ಡಿಸ್ಕು ಕಾಣಿಸಲಿಲ್ಲ. ಅದು ಇದ್ದಲ್ಲಿ ಕಂಬಳಿಯ ಗಂಟೊಂದು ಕೂತಿತ್ತು. ಬಿಚ್ಚಿದೆ. ಒಳಗೆ ಸ್ಟೀಲಿನ ಡಬ್ಬಿ. ಡಬ್ಬಿಯ ಕೆಳಗೆ ನನ್ನ ಡಿಸ್ಕು.

"ಕಾಕು, ಇದೇನು?"

"ಮೊಸರು," ಅಂದರು ಕಾಕು. "ಥಂಡಿಗಿ ಹೆಪ್ಪ ಕೂಡಂಗಿಲ್ಲ. ನಿನ್ನ ಡಬ್ಬಿ ಹಗಲೆಲ್ಲಾ ಬೆಚ್ಚಗ ಇರ್ತದಲ್ಲ. ಅದಕ್ಕ ಮ್ಯಾಲಿಟ್ಟೀನಿ."

ಕಂಬಳಿ ಸುತ್ತುವಾಗ ಕಂಪ್ಯೂಟರಿಗೆ ಹೋಗುವ ವೈರು ಕಳಚಿಕೊಂಡಿತ್ತು, ಕರೆಂಟಿನ ವೈರು ಮಾತ್ರ ಹಾಗೇ ಇತ್ತು. ಪಾಕೀಟು ತನ್ನ ಫೋಲ್ಡರ್ ಎಲ್ಲಿ ಅಂತ ಹುಡುಕಿ, ಸಿಗದೆ, ಹೊಸದಾಗಿ ಒಳಗಿನ ಡಿಸ್ಕಿನಲ್ಲೇ ಮಾಡಲೇ ಅಂತ ಕೇಳಿತ್ತು.

"ಮತ್ತ ನೀವೇನ್ ಒತ್ತಿದ್ರಿ ಕಾಕಾ?"

ಕಾಕಾ ತಲೆ ತಗ್ಗಿಸಿದರು. "ಅದು ಅಷ್ಟ ಅದಬ್‌ನಿಂದ, ಮರ್ಯಾದಿಲೆ ಕೇಳ್ತು ಅವ್ವಾ. 'ಸರಿ' ಅಂದೆ."

ಹಾಗಾಗಿ ಮೂರನೆಯ ಸಲ ಜಗತ್ತಿನ ಲೆಕ್ಕವೆಲ್ಲ ನಾರಾಯಣಪುರಕ್ಕೆ ಹೊರಟು, ಒಳಗಿನ ಡಿಸ್ಕು ತುಂಬಿ, ಅರ್ಧ ದಾರಿಯಲ್ಲಿ ನಿಂತಿತ್ತು. ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಆ ಹೊತ್ತಿಗೆ ನನಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂದಿತ್ತು. ಕಾಕಾನ ಟಗರು ಹೋಗಿ ಎಂಟು ತಿಂಗಳು. ಅದರ ಬೆಲೆ ಇದೆಯೋ ಇಲ್ಲವೋ ಅಂತ ಹೇಳಲು ಕೂಡ ನನ್ನ ಕೈಲಿ ಆಗಿರಲಿಲ್ಲ. ಕಾಕು ಒಂದು ಬಟ್ಟಲು ತಂದು ಮುಂದಿಟ್ಟರು.

ಹದಿನಾರು ವರ್ಷದಲ್ಲಿ ಎಷ್ಟೋ ಡಿಸ್ಕು ಮಾರಿದ್ದೇನೆ, ಎಷ್ಟೋ ರಿಪೇರಿ ಮಾಡಿದ್ದೇನೆ. ಅಂಥ ಗಟ್ಟಿ ಮೊಸರು ಕೊಟ್ಟ ಡಿಸ್ಕು ಅದೊಂದೇ.

೭. ಕೀಲಿ ಶಬ್ದ

ಪುಣ್ಯಕ್ಕೆ ಹೊರಗಿನ ಡಿಸ್ಕಿನ ಲೆಕ್ಕ ಕೆಟ್ಟಿರಲಿಲ್ಲ. ವೈರನ್ನು ಅಂಟಿನ ಪಟ್ಟಿ ಸುತ್ತಿ ಬಿಗಿದೆ. ಮೊಸರಿಗೆ ಬೇರೆ ಜಾಗ ತೋರಿಸಿದೆ. ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಪಾಕೀಟು ಈ ಹೊತ್ತಿಗೆ ಬಂದು ಮುಟ್ಟಿತು. ಕಾಕಾ-ಕಾಕು ಇಬ್ಬರೂ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ, ಡಿಸ್ಕನ್ನು ಕಾಕುವಿನ ಉಡಿಯಲ್ಲಿಟ್ಟು, ಟಂಟಂ ಆಟೋದಲ್ಲಿ ನನ್ನ ಅಂಗಡಿಗೆ ಬಂದರು.

ಪೆನ್ ಡ್ರೈವ್ ಹಾಕಿದೆ. ಮೂವರೂ ಉಸಿರು ಹಿಡಿದು ನೋಡಿದೆವು. ಪಟ್ಟಿಯಲ್ಲಿ ಒಂದು ಸಾಲು ಬಂತು. ಟಗರು ಹೋದ ತಾರೀಖು, ಎದುರಿಗೆ ಅದರ ಬೆಲೆ. ಅಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ. ಕಾರಿನವನು ಮರ್ಯಾದಸ್ಥ.

ಕಾಕಾ ಪರದೆಗೆ ಬೆರಳು ಹಚ್ಚಿ ಆ ಸಾಲನ್ನು ಸವರಿದರು. ನಾನು ಅಂದೆ, "ಕಾಕಾ, ಈಗ ಕಣ್ಣಾರೆ ನೋಡಿದ್ರಲ್ಲ. ನಾ ನಿಮ್ಮ ಫೋನಿನಾಗ ಒಂದ್ ಸಣ್ಣ ಪಾಕೀಟ್ ಹಾಕೀನಿ, ಇದನ್ನ ಅದಕ್ಕ ಕಳಸಮು. ಆಮ್ಯಾಲ ಈ ಆರ್ನೂರು ಜೀಬಿ ಅಳಿಸಿ ಕೈ ತೊಳಕೊಳ್ಳಮು."

"ಕಳಸು," ಅಂದರು ಕಾಕಾ, ದೊಡ್ಡ ಮನಸ್ಸಿನಿಂದ.

ಕಳಿಸುವ ಗುಂಡಿ ಒತ್ತಿದೆ. ಪಾಕೀಟು ಕೀಲಿ ಶಬ್ದ ಕೇಳಿತು.

"ಕಾಕಾ, ಶಬ್ದ ಒತ್ತರಿ. ನಾ ಮಾರಿ ತಿರುಗಿಸ್ತೀನಿ."

ಕಾಕಾ ಒತ್ತಲಿಲ್ಲ. ಗಡ್ಡ ಕೆರೆದರು. "ಒತ್ತಾಕ ನನಗ ನೆನಪಿಲ್ಲ ಅವ್ವಾ. ಕೂಗಿದ್ರ ನೆನಪಾಗ್ತದ."

"ಕೂಗೋದಾ?"

"ಕುರಿ ಕರಿಯೋ ಕೂಗು. ಯಾರಿಗೂ ತಿಳಿಬಾರದು ಅಂತ ಅದೇ ಹಾಕೀನಿ. 'ಹೋ' ಅಂತ ಒಂದು, ಆಮ್ಯಾಲ 'ಬಾ ಬಾ ಬಾ'. ಇಂಗ್ಲೀಷ್ ಅಕ್ಷರದಾಗ."

"ಎಷ್ಟ 'ಬಾ' ಕಾಕಾ?"

"ಎಣಸ್ಕೋತ ಯಾರ್ ಕೂಗ್ತಾರ? ಉಸಿರಿದ್ದಷ್ಟ."

"ನಡುವ ಜಾಗಾ ಬಿಟ್ಟೀರೇನು?"

"ಕುರಿ ರಸ್ತಾದ ಮ್ಯಾಲ ನಿಂತಾಗ ಜಾಗಾ ಬಿಟ್ಟು ಕೂಗಾಕಾಗ್ತದೇನು?"

ಬೇರೆ ದಾರಿ ಇರಲಿಲ್ಲ. ಕಾಕಾ ಎದ್ದು ನಿಂತರು, ಕಂಬಳಿ ಸರಿ ಮಾಡಿಕೊಂಡರು, ಎದೆ ತುಂಬ ಗಾಳಿ ತಗೊಂಡರು. ಬಸವಕಲ್ಯಾಣದ ಬಜಾರಿನ ನಟ್ಟನಡುವೆ, ಹಾಡುಹಗಲು, ನನ್ನ ಅಂಗಡಿಯೊಳಗಿಂದ ಆ ಕೂಗು ಹೊರಟಿತು.

"ಹೋ... ಬಾ ಬಾ ಬಾ ಬಾ ಬಾ ಬಾ ಬಾ ಬಾ ಬಾ!"

ನಾನು ಒಂಬತ್ತು ಎಣಿಸಿ ಒತ್ತಿದೆ. ತಪ್ಪು ಅಂದಿತು.

ಮತ್ತೆ ಕೂಗಿದರು. ಈ ಸಲ ಹನ್ನೊಂದು. ತಪ್ಪು. ಮೂರನೆಯ ಸಲ ಕೆಮ್ಮು ಬಂದು ಆರಕ್ಕೇ ನಿಂತಿತು. ತಪ್ಪು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಟಕಟಕ ಸಪ್ಪಳ. ತಿರುಗಿ ನೋಡಿದರೆ, ತರಕಾರಿ ಗಾಡಿಗಳ ಹಿಂದೆ ಸೊಪ್ಪು ಹೆಕ್ಕುತ್ತಿದ್ದ ಬಜಾರಿನ ಆಡುಗಳೆಲ್ಲ ಅಂಗಡಿಯ ಬಾಗಿಲಲ್ಲಿ ನಿಂತು ಒಳಗೆ ಇಣುಕುತ್ತಿವೆ. ಒಂದು ಆಗಲೇ ಒಳಗೆ ಬಂದು ನನ್ನ ಬಿಲ್ ಪುಸ್ತಕ ಮೂಸುತ್ತಿತ್ತು.

ಎದುರಿನ ಚಹಾದ ಅಂಗಡಿಯವರು ಕೈಯಲ್ಲಿ ಜರಡಿ ಹಿಡಿದುಕೊಂಡೇ ಹೊರಗೆ ಬಂದಿದ್ದರು. "ಕಾಕಾ, ಎರಡ್ನೇ ಸಲದ್ದು ಚೊಲೋ ಇತ್ರಿ," ಅಂತ ಕೂಗಿದರು. "ಆದ್ರ ಕಡೀಕ ಒಂದ್ 'ಬಾ' ನುಂಗಿದ್ರಿ!"

ಯಾರಿಗೂ ತಿಳಿಯಬಾರದ ಶಬ್ದವನ್ನು ಇಡೀ ಬಜಾರು ತಿದ್ದತೊಡಗಿತು. ಒಬ್ಬರು ಹತ್ತು ಅನ್ನಿ ಅಂದರು, ಒಬ್ಬರು 'ಹೋ' ಉದ್ದ ಮಾಡಿ ಅಂದರು. ನಾನು ಹತ್ತು ಒತ್ತಿದೆ, ಏಳು ಒತ್ತಿದೆ, ಹನ್ನೆರಡು ಒತ್ತಿದೆ. ಆಡುಗಳು ಜಾಸ್ತಿಯಾದವು, ಪಾಕೀಟು ತೆರೆಯಲಿಲ್ಲ. ಕಾಕಾನ ದನಿ ಒಡೆದು ಹೋಯಿತು. ಕುರ್ಚಿಯ ಮೇಲೆ ಕುಸಿದರು. ನಾನೂ ಕುಸಿದೆ. ಎಂಟು ತಿಂಗಳ ಮೇಲೆ ಟಗರಿನ ಬೆಲೆ ಕಣ್ಣೆದುರು ಇದೆ, ಕೈಗೆ ಬರುವುದಿಲ್ಲ. ಇನ್ನು ಇದು ಹೀಗೆಯೇ ಡಿಸ್ಕಿನಲ್ಲಿ ಕೂತಿರುತ್ತದೆ, ವರ್ಷ ವರ್ಷ ಹಿಗ್ಗುತ್ತ ಹೋಗುತ್ತದೆ, ನಾನು ಸಾಯುವ ತನಕ ಕಾಕಾನಿಗೆ ಹೊಸ ಹೊಸ ಡಿಸ್ಕು ಕೊಡುತ್ತ ಇರುತ್ತೇನೆ ಅಂತ ಅನ್ನಿಸಿತು.

ಅಲ್ಲಿಯ ತನಕ ಮೂಲೆಯ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ ಕಾಕು ಸೆರಗು ಸರಿ ಮಾಡಿಕೊಂಡು ಎದ್ದರು.

"ಅವತ್ತ ಕಾರಿನ ಹತ್ರ ಇವರು ಕೂಗೇ ಇಲ್ಲ," ಅಂದರು. "ಇವರು ಕಾರಿನವನ ಡಬ್ಬಿ ಮುಂದ ಒಂದೊಂದ್ ಬೆರಳಿಲೆ ಒತ್ತಾಕತ್ತಿದ್ರು. ಕುರಿ ರಸ್ತಾಕ್ಕ ಹೋಗಾಕತ್ತಿದ್ವು. ಕೂಗಿದಾಕಿ ನಾನು. ಇವರು ನನ್ನ ಕೂಗು ಕೇಳಿ ಒತ್ಯಾರ."

ಆಡುಗಳೂ ಕಾಕುವಿನ ಕಡೆ ಕಿವಿ ತಿರುಗಿಸಿದವು.

ಕಾಕು ಎದೆ ಉಬ್ಬಿಸಲಿಲ್ಲ, ಗಾಳಿ ತುಂಬಿಕೊಳ್ಳಲಿಲ್ಲ. ನೀರಿಗೆ ಕರೆದ ಹಾಗೆ ಮೆಲ್ಲಗೆ, ಎಣಿಸಿದ ಹಾಗೆ ಕೂಗಿದರು. "ಹೋ, ಬಾ ಬಾ ಬಾ, ಬಾ ಬಾ." ಅಷ್ಟೇ. ಐದು.

ಒತ್ತಿದೆ. ಪಾಕೀಟು ತೆರೆಯಿತು. ಟಗರಿನ ಬೆಲೆ ಸಣ್ಣ ಪಾಕೀಟಿಗೆ ಹೊರಟಿತು. ಬಾಗಿಲಲ್ಲಿ ನಿಂತ ಮಂದಿ ಚಪ್ಪಾಳೆ ತಟ್ಟಿದರು. ಆ ಹಣ ಕಾಕಾನ ಫೋನಿಗೆ ಬಂದು ಮುಟ್ಟಿದ್ದು ಖಾತ್ರಿಯಾದ ಮೇಲೆ, ಅವರ ಎದುರಿಗೇ ಆ ಆರು ನೂರು ಜೀಬಿಯನ್ನು ಅಳಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಕಾಕಾ ಮಾತ್ರ ನಗಲಿಲ್ಲ. ರೊಕ್ಕ ಬಂದವರ ಮುಖ ಅದಾಗಿರಲಿಲ್ಲ. ಒಡೆದ ದನಿಯಲ್ಲಿ ಹೆಂಡತಿಯನ್ನು ಕೇಳಿದರು, "ಅಂದ್ರ ಅವತ್ತ ಕುರಿ ರಸ್ತಾದಿಂದ ಹೊಳ್ಳಿ ಬಂದಿದ್ದು ನನ್ನ ದನೀಗಿ ಅಲ್ಲೇನು?"

"ಅವತ್ತಷ್ಟೇ ಅಲ್ಲ," ಅಂದರು ಕಾಕು, ಬಿಲ್ ಪುಸ್ತಕ ತಿನ್ನುತ್ತಿದ್ದ ಆಡನ್ನು ಹೊರಗೆ ದಬ್ಬುತ್ತ. "ಮೂವತ್ತ ವರ್ಷದಿಂದ ನನ್ನ ದನೀಗೇ ಬರ್ತಾವ. ನೀವು ಮುಂದ ನಿಂತಿರ್ತೀರಿ ಅಂತ ಸುಮ್ನಿದ್ದೆ."